ದೋಷ ರೂಟರಿನದೋ ತಂತಿಯದೋ

ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಪಡೆದವರು ಕೇಳುವ ಪ್ರಶ್ನೆಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಹೇಳಿದ ವೇಗ ಯಾಕೆ ಸಿಗುತ್ತಿಲ್ಲ, ಮಳೆ ಹಿಡಿದರೆ ಸಂಪರ್ಕ ಯಾಕೆ ಹೋಗುತ್ತದೆ, ಫೋನ್ ಬಂದ ಕೂಡಲೇ ಇಂಟರ್ನೆಟ್ ಯಾಕೆ ಕಡಿಯುತ್ತದೆ, ಹೊಸ ರೂಟರ್ ಕೊಂಡರೆ ಸರಿಹೋದೀತೆ? ಕಣ್ಣೆದುರು ದೀಪ ಮಿನುಗಿಸುತ್ತಿರುವ ಪೆಟ್ಟಿಗೆಯ ಮೇಲೆ ಅನುಮಾನ ಬರುವುದು ಸಹಜ. ಆದರೆ ಉತ್ತರ ಬಹುಪಾಲು ಇರುವುದು ಗೋಡೆಯಾಚೆಯ ತಾಮ್ರದ ತಂತಿಯಲ್ಲಿ. ಆ ತಂತಿಯ ಸ್ಥಿತಿಯನ್ನು ಗ್ರಾಹಕರಿಗೆ ಬಿಡಿಸಿ ಹೇಳುವುದು ಸೇವೆ ಮಾರುವವರ ಹೊಣೆ ಎಂಬುದು ನನ್ನ ವಾದ.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ನೆಚ್ಚಿಕೊಂಡದ್ದು ಮಾತಿಗೆಂದೇ ಹಾಕಿದ್ದ ಹಳೆಯ ತಂತಿಗಳನ್ನು. ನಮ್ಮ ಮಾತು ಆ ತಂತಿಯಲ್ಲಿ 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳಲ್ಲಿ ಸಾಗುತ್ತದೆ. ಅದೇ ತಂತಿಯಲ್ಲಿ ಇಂಟರ್ನೆಟ್ ಸಾಗಿಸುವ ಎಡಿಎಸ್‌ಎಲ್ ತಂತ್ರಜ್ಞಾನ ಅದಕ್ಕಿಂತ ಬಹಳ ಮೇಲಿನ ಕಂಪನಗಳನ್ನು ಬಳಸುತ್ತದೆ. ಎರಡನ್ನೂ ಬೇರ್ಪಡಿಸುವುದು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಅದನ್ನು ತಪ್ಪಿಸಿ ಇನ್ನೊಂದು ಕೋಣೆಗೆ ಫೋನ್ ಎಳೆದುಕೊಂಡ ಮನೆಗಳಲ್ಲಿ ಕರೆ ಬಂದಾಗ ಸಂಪರ್ಕ ಕಡಿಯುವುದುಂಟು. ಮೇಲಿನ ಕಂಪನಗಳು ತಾಮ್ರದಲ್ಲಿ ದೂರ ಹೋದಷ್ಟೂ ಬೇಗ ಸೊರಗುತ್ತವೆ. ಎಡಿಎಸ್‌ಎಲ್ 2 ಪ್ಲಸ್ ಎಕ್ಸ್‌ಚೇಂಜಿನ ಪಕ್ಕದಲ್ಲಿ 24 ಎಂಬಿಪಿಎಸ್ ಕೊಡಬಲ್ಲುದು. 5 ಕಿಲೋಮೀಟರ್ ದಾಟಿದ ಮನೆಗೆ 2 ಎಂಬಿಪಿಎಸ್ ದಕ್ಕುವುದೂ ಕಷ್ಟ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 2004ರ ಸರ್ಕಾರಿ ನೀತಿಯಂತೆ 256 ಕೆಬಿಪಿಎಸ್ ಸಾಕಿತ್ತು. 2023ರಿಂದ ಕನಿಷ್ಠ 2 ಎಂಬಿಪಿಎಸ್ ಬೇಕು. ಅಂದರೆ ದೂರದ ಮನೆಯ ಲೈನು ಹೊಸ ವ್ಯಾಖ್ಯೆಯನ್ನೇ ಮುಟ್ಟದಿರಬಹುದು, ಅಲ್ಲಿ ಎಷ್ಟು ಬೆಲೆಯ ರೂಟರ್ ಇಟ್ಟರೂ ಅಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರಂತೂ ಇರುವ ವೇಗವೂ ಕುಸಿಯುತ್ತದೆ. ರಿಸೀವರ್ ಎತ್ತಿದಾಗ ಗರಗರ ಸದ್ದು ಕೇಳಿದರೆ ಬರಬೇಕಾದವರು ಲೈನ್‌ಮನ್.

ಜನಸಾಮಾನ್ಯರಿಗೆ ಈ ತಾಂತ್ರಿಕ ವಿವರವೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಎಲ್ಲರೂ ಎಂಜಿನಿಯರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಲೈನಿನಲ್ಲಿ ಸಿಗ್ನಲ್ ಎಷ್ಟು ಕುಗ್ಗಿದೆ, ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಎರಡು ಅಂಕಿಗಳು ಸಾಮಾನ್ಯವಾಗಿ ರೂಟರಿನ ಸ್ಟೇಟಸ್ ಪುಟದಲ್ಲೇ ಇರುತ್ತವೆ. ಎರಡನೆಯದು 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಸಂಪರ್ಕ ಪದೇಪದೇ ತಪ್ಪುವ ಸಂಭವ ಹೆಚ್ಚು. ಜ್ವರದ ಅಂಕಿಯನ್ನು ಅರ್ಥಮಾಡಿಕೊಳ್ಳುವ ಮನೆಮಂದಿಗೆ ಇದು ಭಾರವಾಗದು. ಫೈಬರ್ ಬರುತ್ತಿದೆಯಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಫೈಬರ್ ಬಂದಲ್ಲಿ ದೂರದ ಈ ತೊಡಕು ಇಲ್ಲ. ಆದರೆ ಇಂದಿಗೂ ತಾಮ್ರದ ತಂತಿಗೇ ಬಿಲ್ ಕಟ್ಟುವ ಮನೆಗೆ ನಾಳೆಯ ಫೈಬರ್ ಸಮಾಧಾನವಾಗದು.

ಬಳಕೆದಾರರ ಹೊಣೆಯೂ ಇದೆ. ವೈಫೈ ಬಿಟ್ಟು ಕೇಬಲ್ ಹಚ್ಚಿ ನೋಡಿದರೆ ದೋಷ ಮನೆಯೊಳಗಿನದೋ ಹೊರಗಿನದೋ ಸುಮಾರಾಗಿ ತಿಳಿಯುತ್ತದೆ. ಪಾಸ್‌ವರ್ಡ್ ವಿಷಯ ಇನ್ನೂ ಗಂಭೀರ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಮಾಲ್‌ವೇರ್ ದಾಳಿಗೆ ತುತ್ತಾದದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಅದನ್ನು ಇಂದೇ ಬದಲಿಸಿ. ಹೊಸ ರೂಟರಿಗೆ ಹಣ ಕೊಡುವ ಮೊದಲು ನಿಮ್ಮ ಲೈನಿನ ಆ ಎರಡು ಅಂಕಿಗಳನ್ನು ಎಕ್ಸ್‌ಚೇಂಜಿನವರಿಂದ ಬರೆಸಿಕೊಳ್ಳಿ.