ವರ್ಣವಜ್ರ: ಸಾಣೆಯೂ ಬಿಸಿಲೂ

ಬಣ್ಣದ ವಜ್ರದ ಉಂಗುರವನ್ನು ಕೊಳ್ಳಲು ಹೋದವರಿಗೆ ಈಗೀಗ ಉಂಗುರಕ್ಕಿಂತ ಮುಂಚಿತವಾಗಿ ಪ್ರಯೋಗಾಲಯದ ಪ್ರಮಾಣಪತ್ರದ ದರ್ಶನವಾಗುತ್ತದೆ. ಅದರಲ್ಲಿ ತೂಕವಿದೆ, ಬಣ್ಣದ ದರ್ಜೆಯಿದೆ, ನಿರ್ಮಲತೆಯ ಅಂಕಿತವಿದೆ. ಆದರೆ ಆ ಹರಳು ಧರಿಸಿದವರ ಬೆರಳಿನಲ್ಲಿ, ನಮ್ಮ ನಾಡಿನ ಬಿಸಿಲಿನಲ್ಲಿ, ಹೇಗೆ ಕಂಡೀತೆಂಬುದನ್ನು ಬಹುಮಟ್ಟಿಗೆ ನಿಶ್ಚಯಿಸತಕ್ಕ ಎರಡು ಸಂಗತಿಗಳ ಪೈಕಿ ಒಂದಾದ ಪ್ರತಿದೀಪ್ತಿಗೆ, ಎಂದರೆ ನೇರಳಾತೀತ ಕಿರಣ ಸೋಂಕಿದಾಗ ಹರಳು ತಾನೇ ಹೊರಸೂಸುವ ಬೆಳಕಿಗೆ, ಒಂದೆರಡು ಪದಗಳ ಸ್ಥಳ ಮಾತ್ರ ದೊರೆತಿರುತ್ತದೆ. ಇನ್ನೊಂದಾದ ಕಟ್‌ಗೆ, ಎಂದರೆ ಸಾಣೆಗಾರನ ಕೈಚಳಕಕ್ಕೆ, ಒಟ್ಟಾರೆ ದರ್ಜೆಯೇ ಇರುವುದಿಲ್ಲ. ದುಂಡು ಬ್ರಿಲಿಯಂಟ್ ಆಕಾರದ ಬಿಳಿಯ ವಜ್ರಕ್ಕೆ 2006ರಿಂದ ಕಟ್‌ನ ದರ್ಜೆಯನ್ನು ನಮೂದಿಸುತ್ತಿರುವ ಅಮೆರಿಕದ ಜಿ.ಐ.ಎ. ಸಂಸ್ಥೆ ವರ್ಣವಜ್ರದ ವಿಷಯದಲ್ಲಿ ಮೌನವಾಗಿದೆ. ಹೀಗಿರುವಾಗ ಪತ್ರವನ್ನೇ ಪ್ರಮಾಣವೆಂದು ಹಿಡಿದು ಕಣ್ಣನ್ನು ಮರೆಯುವುದು ವಿವೇಕವಲ್ಲವೆಂದು ನನಗೆ ತೋರುತ್ತದೆ.

ಬಿಳಿಯ ವಜ್ರದಲ್ಲಿ ಬಣ್ಣವು ದೋಷ. ವರ್ಣವಜ್ರದಲ್ಲಿ ಅದೇ ಸರ್ವಸ್ವ. ಆದಕಾರಣ ಸಾಣೆಯ ಧ್ಯೇಯವೂ ತಿರುಗುಮುರುಗಾಗುತ್ತದೆ. ದುಂಡು ಬ್ರಿಲಿಯಂಟ್ ಕಟ್ ಒಳಹೊಕ್ಕ ಬೆಳಕನ್ನು ಆದಷ್ಟು ಬೇಗ ನೋಡುವವನ ಕಣ್ಣಿಗೆ ಹಿಂದಿರುಗಿಸುವುದರಿಂದ ಹರಳು ಥಳಥಳಿಸುತ್ತದೆ, ಬಣ್ಣ ತೆಳುವಾಗುತ್ತದೆ. ಬೆಳಕು ಹರಳಿನೊಳಗೆ ಅತ್ತಿತ್ತ ಪ್ರತಿಫಲಿಸಿ ದೀರ್ಘಪಥವನ್ನು ಕ್ರಮಿಸಿದಷ್ಟೂ ಅದರಲ್ಲಿನ ನೀಲಿಯ ಅಂಶವನ್ನು ಹಳದಿ ವಜ್ರವು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಹಳದಿ ಗಾಢವಾಗುತ್ತದೆ. ಈ ತತ್ತ್ವವನ್ನು ಚೆನ್ನಾಗಿ ದುಡಿಸಿಕೊಂಡದ್ದು 1977ರಲ್ಲಿ ಹೆನ್ರಿ ಗ್ರಾಸ್‌ಬಾರ್ಡ್ ರೂಪಿಸಿದ ರೇಡಿಯಂಟ್ ಕಟ್. ಬಿಳಿಯ ವಜ್ರಗಳ ಶ್ರೇಣಿಯ ತುದಿಯಲ್ಲಿ, ಮಾಸಲು ಹಳದಿಯೆಂಬ ಕಾರಣಕ್ಕೆ ಯಾರಿಗೂ ಬೇಡವಾಗಿ ಬಿದ್ದಿದ್ದ ಕಲ್ಲುಗಳು ಆ ಸಾಣೆಯ ಮಹಿಮೆಯಿಂದ ‘ಫ್ಯಾನ್ಸಿ’ ಎಂಬ ಬಿರುದನ್ನು ಪಡೆದು ಮೇಲಿನ ಬೆಲೆಗೆ ಏರಿದುವು. ಏಕೆಂದರೆ ವರ್ಣವಜ್ರದ ದರ್ಜೆಯನ್ನು ಹರಳಿನ ಮುಖವನ್ನು ಮೇಲ್ಮಾಡಿಟ್ಟು ನೋಡಿ ನಿರ್ಣಯಿಸುತ್ತಾರೆ.

ಇದನ್ನು ವಂಚನೆಯೆನ್ನುವವರ ಪಕ್ಷ ನನ್ನದಲ್ಲ. ಕಲ್ಲಿನಲ್ಲಿ ಅಡಗಿದ್ದ ಬಣ್ಣವನ್ನು ಕಣ್ಣಿಗೆ ತಂದುಕೊಡುವುದು ಸಾಣೆಗಾರನ ಧರ್ಮವೇ ಸರಿ. 1877ರಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ದೊರೆತ 287.42 ಕ್ಯಾರೆಟ್‌ನ ಹಳದಿ ವಜ್ರವನ್ನು ಟಿಫನಿ ಸಂಸ್ಥೆಯವರು ರತ್ನಶಾಸ್ತ್ರಜ್ಞ ಜಾರ್ಜ್ ಫ್ರೆಡರಿಕ್ ಕುಂಜ್ ಅವರ ಮೇಲ್ವಿಚಾರಣೆಯಲ್ಲಿ ಸಾಣೆಗಿಕ್ಕಿಸಿದಾಗ ಉಳಿದದ್ದು 128.54 ಕ್ಯಾರೆಟ್, ಬ್ರಿಲಿಯಂಟ್ ಕಟ್‌ಗೆ ವಾಡಿಕೆಯಾದ 58 ಮುಖಗಳಿಗೆ ಬದಲಾಗಿ ಅದಕ್ಕೆ 82 ಮುಖಗಳನ್ನು ಕೊಡಲಾಯಿತು. ಅರ್ಧಕ್ಕಿಂತ ಹೆಚ್ಚು ತೂಕವನ್ನು ಬಣ್ಣಕ್ಕೂ ಕಾಂತಿಗೂ ಬಲಿಗೊಡಲು ಎದೆಗಾರಿಕೆ ಬೇಕು. ಇಂದಿನ ಉಂಗುರಗಳಲ್ಲಿ ಬಹಳ ವೇಳೆ ಕಾಣುವುದು ಇದರ ವಿಪರ್ಯಯ: ತೂಕ ಕೈಬಿಟ್ಟುಹೋದೀತೆಂಬ ಭಯದಿಂದ ಹೊಟ್ಟೆಯನ್ನು ದಪ್ಪವಾಗಿ ಉಳಿಸಿಕೊಂಡ ಹರಳು, ಮೇಲಿನಿಂದ ಕಿರಿದಾಗಿಯೂ, ನಡುವೆ ಬೆಳಕು ಹಿಂದಿರುಗದೆ ಸತ್ತಂತೆಯೂ, ಬಣ್ಣವೆಲ್ಲ ಮೂಲೆಗಳಲ್ಲಿ ಮಡುಗಟ್ಟಿದಂತೆಯೂ ಕುಳಿತಿರುತ್ತದೆ. ಆ ಹೊಟ್ಟೆಯನ್ನು ಉಂಗುರದ ಚಿನ್ನ ಮುಚ್ಚಿರುತ್ತದೆ. ಅದರ ಕ್ಯಾರೆಟ್ಟಿಗೂ ಗಿರಾಕಿ ಹಣ ತೆತ್ತಿರುತ್ತಾನೆ.

ಇನ್ನು ಪ್ರತಿದೀಪ್ತಿ. ವಜ್ರಗಳಲ್ಲಿ ಇದು ಬಹುತೇಕ ನೀಲಿಯಾಗಿಯೇ ಇರುವುದು. ಇದರ ಮೂಲವನ್ನು ಅರಸಿದ ಕಾರ್ಯದಲ್ಲಿ ಬೆಂಗಳೂರಿನ ಪಾಲು ಅಲ್ಪವಲ್ಲ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಅವರ ಪ್ರಯೋಗಶಾಲೆಯಲ್ಲಿ ಅಣ್ಣಾ ಮಣಿ ಎಂಬ ತರುಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ದೀಪ್ತಿಯನ್ನು ರೋಹಿತದರ್ಶಕದ ಮೂಲಕ ಚಿತ್ರಫಲಕದ ಮೇಲೆ ಹಿಡಿಯುತ್ತಿದ್ದರು. ಬೆಳಕು ಎಷ್ಟು ಕ್ಷೀಣವೆಂದರೆ ಒಂದೊಂದು ಫಲಕವನ್ನು 15ರಿಂದ 20 ಗಂಟೆ ಅದಕ್ಕೆ ಒಡ್ಡಬೇಕಾಗುತ್ತಿತ್ತು. ಆಕೆ 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಮಹಾಪ್ರಬಂಧಕ್ಕೆ, ಎಂ.ಎಸ್ಸಿ. ಪದವಿಯಿಲ್ಲವೆಂಬ ನೆಪದಲ್ಲಿ, ಡಾಕ್ಟರೇಟ್ ದೊರೆಯದೆ ಹೋಯಿತು. ಈ ಅವಿವೇಕವನ್ನು ನೆನೆದಾಗ ಈಗಲೂ ಕೋಪ ಬರುತ್ತದೆ. ಅಂದು ಆ ಶಾಲೆಯಲ್ಲಿ ಅಳೆದ ನೀಲಿ ದೀಪ್ತಿಯ ರೋಹಿತದಲ್ಲಿ 415 ನ್ಯಾನೋಮೀಟರಿನ ಬಳಿ ಎದ್ದುಕಾಣುವ ಗೆರೆಯೊಂದಿದೆ. ಸ್ಫಟಿಕದಲ್ಲಿ ಇಂಗಾಲದ ಪರಮಾಣುವೊಂದು ತೆರವಾದ ಸ್ಥಳದ ಸುತ್ತ ಮೂರು ನೈಟ್ರೋಜನ್ ಪರಮಾಣುಗಳು ನೆಲೆಗೊಂಡಿರುವುದೇ ಅದಕ್ಕೆ ಕಾರಣವೆಂದು ಅನಂತರ ತಿಳಿದುಬಂದಿತು.

ಸ್ವಾರಸ್ಯವಿರುವುದು ಇಲ್ಲಿಯೇ. ನೈಟ್ರೋಜನ್ನಿನ ಈ ವಿನ್ಯಾಸವು ನೇರಳೆಯ ಅಂಚಿನ ಬೆಳಕನ್ನು ಹೀರಿ ಹರಳಿನ ಹಳದಿಗೆ ಭಾಗಶಃ ಕಾರಣವಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣ ತಗುಲಿದಾಗ ಅದೇ ನೀಲಿಯನ್ನು ಸೂಸಿ, ತಾನು ಕೊಟ್ಟ ಹಳದಿಯನ್ನು ತಾನೇ ತಗ್ಗಿಸುತ್ತದೆ. ಹಳದಿಗೆ ನೀಲಿ ಪೂರಕವರ್ಣವಾದುದರಿಂದ ಎರಡೂ ಸೇರಿ ಬೆಳ್ಳಗಾಗುತ್ತವೆ. ಕೊಂಚ ಹಳದಿ ಬೆರೆತ ಬಿಳಿಯ ವಜ್ರಕ್ಕೆ ಇದು ಉಪಕಾರಿ. ನಮ್ಮ ಮನೆಗಳ ಹಿರಿಯರು ಓಲೆ ಮೂಗುಬೊಟ್ಟುಗಳಿಗೆ ‘ಬ್ಲೂ ಜಾಗರ್’ ಕಲ್ಲೇ ಆಗಬೇಕೆಂದು ಹಟಹಿಡಿಯುತ್ತಿದ್ದರಷ್ಟೆ. ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ ಬಂದ ಆ ಮಾತು ಹೊಗಳುತ್ತಿದ್ದುದು ಈ ನೀಲಿ ಹೊಳಪನ್ನೇ. ಇಂದಿನ ವ್ಯಾಪಾರವಾದರೋ ಅದನ್ನು ಕುಂದೆಂದು ಬೆಲೆ ಇಳಿಸುತ್ತದೆ. ಬಿಳಿಯ ವಜ್ರಗಳನ್ನು ಕುರಿತು ಜಿ.ಐ.ಎ. 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಯಾವ ವ್ಯತ್ಯಾಸವೂ ತೋರಲಿಲ್ಲವೆಂಬುದನ್ನು ವರ್ತಕರು ಗಣನೆಗೆ ತಂದುಕೊಂಡಂತಿಲ್ಲ.

ಹಳದಿ ವಜ್ರದಲ್ಲಿ ಮಾತ್ರ ನೀಲಿ ಪ್ರತಿದೀಪ್ತಿ ಬಲವಾಗಿದ್ದರೆ ಹಾನಿ ನಿಜವಾದುದು. ಸಾಣೆಗಾರ ಕಷ್ಟಪಟ್ಟು ಕಲೆಹಾಕಿದ ಬಣ್ಣವನ್ನು ಹಗಲು ಸೋರಿಸಿಬಿಡುತ್ತದೆ. ಹಾಗೆಂದು ಎಲ್ಲ ವರ್ಣವಜ್ರಗಳಿಗೂ ಒಂದೇ ಸೂತ್ರವನ್ನು ಹಚ್ಚಲಾಗದು. ಹಳದಿ ದೀಪ್ತಿಯಿರುವ ಹಳದಿ ಕಲ್ಲಿಗೆ ಬಿಸಿಲು ಮಿತ್ರನೇ. ಬೋರಾನ್‌ನಿಂದ ನೀಲಿಯಾದ ವಜ್ರಗಳ ಕಥೆಯಂತೂ ಬೇರೆ: ಕೊಲ್ಲೂರು ಗಣಿಯದೆಂದು ಹೇಳಲಾಗುವ ಹೋಪ್ ವಜ್ರ ನೇರಳಾತೀತ ದೀಪವನ್ನು ಆರಿಸಿದ ಮೇಲೂ ಕೆಲವು ಕ್ಷಣ ಕೆಂಡದಂತೆ ಕೆಂಪಗೆ ಬೆಳಗುತ್ತದೆ. ಅದೇ ಗುಣದ ವಿಟ್ಟೆಲ್ಸ್‌ಬಾಖ್ ವಜ್ರವನ್ನು 2008ರಲ್ಲಿ ಕೊಂಡ ಲಾರೆನ್ಸ್ ಗ್ರಾಫ್ ಮತ್ತೆ ಸಾಣೆಗಿಕ್ಕಿಸಿ 35.56 ಕ್ಯಾರೆಟ್ಟನ್ನು 31.06ಕ್ಕೆ ಇಳಿಸಿದರು; ಬೂದುಮಿಶ್ರಿತ ನೀಲಿಯೆಂದಿದ್ದ ದರ್ಜೆ ಗಾಢ ನೀಲಿಗೆ ಏರಿತು. ರಾಜವಂಶಗಳ ಕೈಯಲ್ಲಿ ಶತಮಾನಗಳನ್ನು ಕಳೆದ ರತ್ನವನ್ನು ಪತ್ರದಲ್ಲಿನ ಒಂದು ವಿಶೇಷಣಕ್ಕಾಗಿ ಅರೆದದ್ದು ನನ್ನ ದೃಷ್ಟಿಯಲ್ಲಿ ಅಪಚಾರವೇ.

ಕೊಳ್ಳುವವರು ಮಾಡಬಹುದಾದುದು ಸುಲಭವಾಗಿದೆ. ಅಂಗಡಿಯ ಹಳದಿ ದೀಪಗಳು ಹಳದಿ ವಜ್ರವನ್ನು ಇದ್ದುದಕ್ಕಿಂತ ಗಾಢವಾಗಿ ತೋರಿಸುತ್ತವೆ. ಎಲ್ಇಡಿ ದೀಪಗಳಲ್ಲಿ ನೇರಳಾತೀತ ಕಿರಣ ಅತ್ಯಲ್ಪವಾದುದರಿಂದ ಪ್ರತಿದೀಪ್ತಿ ಏಳುವುದೇ ಇಲ್ಲ. ಉಂಗುರದ ಹಳದಿ ಚಿನ್ನವೂ ತನ್ನ ಛಾಯೆಯನ್ನು ಹರಳಿಗೆ ಸಾಲಕೊಡುತ್ತದೆ. ಆದುದರಿಂದ ಸಾಧ್ಯವಿದ್ದರೆ ಕಟ್ಟುವ ಮುನ್ನವೇ ಬಿಡಿ ಹರಳನ್ನು ಕೇಳಿ, ಬಿಳಿಯ ಕಾಗದದ ಮೇಲಿಟ್ಟು ನೋಡಬೇಕು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಳ್ಳನೋಟನ್ನು ಪತ್ತೆಹಚ್ಚಲು ಇಟ್ಟಿರುವ ನೀಲಿ ದೀಪದ ಕೆಳಗೆ ಹಿಡಿದರೆ ಹರಳು ಬೆಳಗುವುದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅಂಗಡಿಯವರನ್ನು ಜೊತೆಗೆ ಕರೆದುಕೊಂಡೇ ಬಾಗಿಲಿನ ಬಿಸಿಲಿಗೆ ಬರಬೇಕು. ಬಣ್ಣ ಅಲ್ಲಿ ಇಳಿದುಹೋದರೆ ಬೆಲೆಯೂ ಇಳಿಯಬೇಕೆಂದು ಸಂಕೋಚವಿಲ್ಲದೆ ಕೇಳಬಹುದು. ಇಳಿಯದೆ ನಿಂತರೆ, ಪತ್ರದಲ್ಲಿ ಪ್ರತಿದೀಪ್ತಿ ಪ್ರಬಲವೆಂದು ಬರೆದಿರುವುದರಿಂದ ದೊರೆಯುವ ರಿಯಾಯಿತಿಯನ್ನು ಬೇಡವೆನ್ನಲು ಕಾರಣವಿಲ್ಲ.