ಮಕ್ಕಳ ಮೊದಲ ಪಗಾರ



2025ರ ಮುಂಗಾರಿನ ಒಂದು ಮುಂಜಾನೆ. ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಅಷ್ಟರಲ್ಲಿ ಸವದತ್ತಿಯಿಂದ ನನ್ನ ತಂಗಿಯ ಫೋನು ಬಂತು.

"ಅಕ್ಕಾ, ನಮ್ಮ ಹುಡುಗಿಗೆ ಒಮ್ಮಿಗೇ ಎರಡು ನೌಕರಿ ಬಂದಾವು. ಒಬ್ಬಾಂವ ಬೆಂಗಳೂರ ಕಡೆ ಕಂಪನಿಯೊಳಗ ಇಪ್ಪತ್ತು ಸಾವಿರ ಪಗಾರ ಕೊಡಸ್ತೇನಿ ಅಂತಾನ. ಊಟಾ, ವಸ್ತಿ ಎಲ್ಲಾ ಅವರದ ಅಂತ. ಇನ್ನೊಂದು ಟಪಾಲ ಆಫೀಸಿನ ಕೆಲಸ, ರಾಮದುರ್ಗ ತಾಲೂಕಿನ ಹಳ್ಳ್ಯಾಗ. ಅದಕ್ಕ ಪಗಾರ ಕಡಿಮಿ. ಮನಿಯಾಗ ಎಲ್ಲಾರೂ ಇಪ್ಪತ್ತು ಸಾವಿರಕ್ಕ ಹೂಂ ಅನ್ನಾಕತ್ತಾರ. ನೀ ಏನಂತಿ?"

ಹುಡುಗಿಗೆ ಹದಿನೆಂಟು ತುಂಬಿ ಆಗ ಆರು ತಿಂಗಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ತಂಗಿ ಕೇಳಿದ ಪ್ರಶ್ನೆಗೆ ನನ್ನ ಬಾಯಿಂದ ಕೂಡಲೇ ಉತ್ತರ ಬರಲಿಲ್ಲ. "ನಾಳೆ ಹೇಳ್ತೇನಿ" ಎಂದು ಫೋನು ಇಟ್ಟೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

ಯಾಕೆ ಉತ್ತರ ಬರಲಿಲ್ಲ ಎಂಬುದನ್ನು ಇವತ್ತು ನಿಮ್ಮ ಮುಂದೆ ಮುಚ್ಚಿಡದೆ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, 2021ರಲ್ಲಿ, ಇಂಥದೇ ಒಂದು ಮಾತು ನಮ್ಮ ಬೈಲಹೊಂಗಲದ ಮನೆಗೂ ಬಂದಿತ್ತು. ನನ್ನ ಮಗನಿಗೆ ಆಗ ಹದಿನೇಳು. ಪಿಯುಸಿ ಮೊದಲ ವರ್ಷದಲ್ಲಿ ಮನಸ್ಸು ನಿಲ್ಲಲಿಲ್ಲ. "ಯವ್ವಾ, ನಾ ಇನ್ನ ಕಾಲೇಜಿಗೆ ಹೋಗಂಗಿಲ್ಲ, ದುಡೀತೇನಿ" ಎಂದು ಹಟ ಹಿಡಿದ. ಪರಿಚಯದವರ ಪರಿಚಯದವನೊಬ್ಬ ಬಂದು, ಪುಣೆಯಲ್ಲಿ ತಿಂಗಳಿಗೆ 18,000 ರೂಪಾಯಿ ಎಂದ. ಇವರಪ್ಪ ಬೇಡವೆಂದರು. ಹೂಂ ಎಂದವಳು ನಾನು! ನಮ್ಮದು ನಾಲ್ಕೆಕರೆ ಹತ್ತಿಯ ಹೊಲ. ಮಳೆ ನೆಟ್ಟಗಾದರೆ ಉಂಟು, ಇಲ್ಲವಾದರೆ ಇಲ್ಲ. ಹದಿನೆಂಟು ಸಾವಿರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಓಣಿಯ ನಾಲ್ಕು ಮನೆಗೆ ಹೇಳಿ ಬಂದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದೆ ನೋಡಿರಿ.

ಕಿತ್ತೂರಿನ ಹೆದ್ದಾರಿಯಲ್ಲಿ ರಾತ್ರಿ ಪುಣೆ ಬಸ್ಸು ಹತ್ತಿಸಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಹದಿನೈದು ದಿನಕ್ಕಾಗುವಷ್ಟು ಕಟ್ಟಿದ್ದೆ. ಬಸ್ಸು ಹೊರಡುವಾಗ ಆ ಮಧ್ಯಸ್ಥ ಹುಡುಗನ ಕಿವಿಯಲ್ಲಿ ಏನೋ ಹೇಳಿದ. ಏನು ಹೇಳಿದ್ದನೆಂದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. "ಯಾರರೆ ಕೇಳಿದ್ರ ಹತ್ತೊಂಬತ್ತು ವರ್ಷ ಅನ್ನು" ಎಂದಿದ್ದನಂತೆ.

ಮೊದಲ ತಿಂಗಳ ಲೆಕ್ಕ ಹೀಗಿತ್ತು. ಹದಿನೆಂಟು ಸಾವಿರ ಎಂಬುದು ದಿನಕ್ಕೆ ಹನ್ನೆರಡು ತಾಸು, ವಾರದ ರಜೆಯೂ ಇಲ್ಲದೆ ದುಡಿದರೆ ಮಾತ್ರ. ಸಾದಾ ಪಗಾರ 12,000. ಅದರಲ್ಲಿ ಖಾನಾವಳಿಗೆ 3,000. ಆರು ಮಂದಿ ಮಲಗುವ ಖೋಲಿಗೆ ಇವನ ಪಾಲು 2,000. ಬೂಟು, ಸಮವಸ್ತ್ರಕ್ಕೆ 1,200. ಮಧ್ಯಸ್ಥನ ದಲಾಲಿ 2,000. ಹುಡುಗನ ಕೈಗೆ ಬಂದದ್ದು 3,800 ರೂಪಾಯಿ. ಅದರಲ್ಲೇ ಒಂದು ಸಾವಿರ ನನಗೆ ಕಳಿಸಿದ್ದ. ನಾನು ಅದನ್ನು ದೇವರ ಮುಂದೆ ಇಟ್ಟು ನಮಸ್ಕಾರ ಮಾಡಿದೆ.

ಎರಡನೇ ತಿಂಗಳಲ್ಲಿ ಯಂತ್ರಕ್ಕೆ ಸಿಕ್ಕು ಬಲಗೈಯ ತೋರುಬೆರಳು ಜಜ್ಜಿತು. ನಾಲ್ಕು ಹೊಲಿಗೆ ಬಿದ್ದವು. ದವಾಖಾನೆಯ ಬಿಲ್ಲು ಕೊಡಿರೆಂದು ಕೇಳಹೋದರೆ, "ಇಂಥ ಹೆಸರಿನವರು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ" ಎಂದರಂತೆ. ಹದಿನೇಳರ ಹುಡುಗನನ್ನು ಹತ್ತೊಂಬತ್ತು ಎಂದು ಹೇಳಿಸಿದವರು ಹೆಸರು ಬರೆದುಕೊಳ್ಳುವುದಾದರೂ ಹ್ಯಾಗೆ? ಇವರಪ್ಪ ಹೋಗಿ ಕರಕೊಂಡು ಬಂದರು. ರಾತ್ರಿ ತಾಟಿನ ಮುಂದೆ ಕೂತು ಎಡಗೈಯಿಂದ ರೊಟ್ಟಿ ಮುರಿಯತೊಡಗಿದ. ನಾನು ನೋಡುತ್ತಿದ್ದುದನ್ನು ಕಂಡು, "ರೂಢಿ ಆಗೇತಿ ಯವ್ವಾ" ಎಂದ. ಗಡ್ಡ ಮೂಡಿದ ಮಗನಿಗೆ ಅವತ್ತು ನಾನೇ ತುತ್ತು ಮಾಡಿ ಉಣಿಸಿದೆ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುವವರು ನಾವು. ನಾನೇ ಮರೆತಿದ್ದೆ. ಪುಣೆ ಕೆಟ್ಟದ್ದಲ್ಲ, ದುಡಿಯಲು ಹೋಗುವುದೂ ಕೆಟ್ಟದ್ದಲ್ಲ. "ಪಗಾರ ಎಷ್ಟು?" ಎಂಬ ಒಂದೇ ಪ್ರಶ್ನೆ ಕೇಳಿ ಸುಮ್ಮನಾದದ್ದು ನನ್ನ ತಪ್ಪು. ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಾಗ ತಿರುವಿ ಮುರುವಿ ನೋಡಿ ಹತ್ತು ಮಾತು ಕೇಳುತ್ತೇವೆ. ಮಗನನ್ನು ಕಳಿಸುವಾಗ ಒಂದೇ ಮಾತು ಕೇಳಿದೆ!

ಆಮೇಲೆ ತಿಳಿದವರನ್ನು ಕೇಳಿ ಕೇಳಿ, ಕ್ಯಾಲೆಂಡರಿನ ಹಿಂಬದಿಗೆ ಕೆಲವು ಪ್ರಶ್ನೆ ಬರೆದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೇನೆ. ನೀವೂ ಬರೆದಿಟ್ಟುಕೊಳ್ಳಿರಿ.

ಒಂದು: ವಯಸ್ಸಿನ ಮಾತು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಹದಿನಾಲ್ಕರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸಾಲಿ ಬಿಟ್ಟ ಮೇಲೆ ಮನೆಯ ಸ್ವಂತ ಉದ್ಯೋಗದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಕೈಗೂಡಿಸುವುದು ಬೇರೆ ಮಾತು. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಗಣಿ, ಮದ್ದು ಸಿಡಿಮದ್ದು ಹಾಗೂ ಅಪಾಯಕಾರಿ ಕೆಲಸಗಳಿಗೆ ಇಡಬಾರದು. ವಯಸ್ಸು ಸುಳ್ಳು ಹೇಳೆಂದವನ ಜೊತೆ ಮುಂದಿನ ಮಾತೇ ಬೇಡ.

ಎರಡು: ನೇಮಕಪತ್ರ ಕೊಡುತ್ತೀರಾ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಇದನ್ನು ಕಡ್ಡಾಯ ಮಾಡಿವೆ. ಹೆಸರು, ಕೆಲಸ, ಪಗಾರ ಕಾಗದದ ಮೇಲೆ ಇರಬೇಕು.

ಮೂರು: ಆ ಪಗಾರ ಎಷ್ಟು ತಾಸಿಗೆ? ಏನೇನು ಮುರಿದುಕೊಳ್ಳುತ್ತೀರಿ? ರೊಕ್ಕ ಬ್ಯಾಂಕಿನ ಖಾತೆಗೆ ಬರುತ್ತದೋ, ಯಾರದೋ ಕೈಗೆ ಬರುತ್ತದೋ?

ನಾಲ್ಕು: ಭವಿಷ್ಯನಿಧಿ, ಇಎಸ್‌ಐ ಉಂಟೋ? ಭವಿಷ್ಯನಿಧಿಗೆ ನಮ್ಮ ಮಕ್ಕಳ ಪಗಾರದಿಂದ ನೂರಕ್ಕೆ 12 ಮುರಿದರೆ ಮಾಲೀಕನೂ ಅಷ್ಟೇ ಹಾಕಬೇಕು. ಇಎಸ್‌ಐಗೆ ನಮ್ಮಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು. ಬೆರಳು ಜಜ್ಜಿದ ದಿನ ಆ ಮುಕ್ಕಾಲು ರೂಪಾಯಿಯ ಬೆಲೆ ಏನೆಂದು ನನ್ನನ್ನು ಕೇಳಿರಿ.

ಐದು: ಒಂದು ವರ್ಷ ದುಡಿದರೆ ಕೈಗೆ ಯಾವ ವಿದ್ಯೆ ಹತ್ತುತ್ತದೆ?

ಇನ್ನೊಂದು ಮಾತು. ನೌಕರಿ ಕೊಡಿಸಲು ಮೊದಲೇ ರೊಕ್ಕ ಕೇಳಿದವನಿಗೆ ಚಹಾ ಕುಡಿಸಿ ಕಳಿಸಿಬಿಡಿರಿ.

ಮಗನ ಕತೆ ಅಲ್ಲಿಗೇ ಮುಗಿಯಲಿಲ್ಲ. ಬೆರಳು ಮಾಯ್ದ ಮೇಲೆ, 2022ರಲ್ಲಿ, ಎರಡು ವರ್ಷದ ಐಟಿಐ ಸೇರಿದ. ಎಲೆಕ್ಟ್ರೀಷಿಯನ್ ವಿಭಾಗ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಮುಗಿದ ಮೇಲೆ ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆದ. 2019ರ ನಿಯಮದಲ್ಲಿ ಅಪ್ರೆಂಟಿಸರಿಗೆ ತಿಂಗಳಿಗೆ ಕನಿಷ್ಠ ಇಷ್ಟು ಕೊಡಬೇಕೆಂದು ಗೊತ್ತುಮಾಡಿದ್ದರು: ಹತ್ತನೇ ಪಾಸಾದವರಿಗೆ 6,000, ಐಟಿಐ ಆದವರಿಗೆ 7,000. ಇವನಿಗೆ 8,000 ಸಿಕ್ಕಿತು. ಓಣಿಯವರು, "ಪುಣ್ಯಾದಾಗ ಹದಿನೆಂಟು ಇತ್ತಲ್ಲ, ಈಗ ಎಂಟಕ್ಕ ಇಳಿದನೇನು?" ಎಂದು ನಕ್ಕರು. ನಗಲಿ. ಖೋಲಿ, ಊಟ ಕಳೆದೂ ಇವನ ಕೈಯಲ್ಲಿ ಪುಣೆಯ ಮೊದಲ ತಿಂಗಳಿಗಿಂತ ಕಡಿಮೆ ಉಳಿಯಲಿಲ್ಲ. ಮೇಲಾಗಿ ವಿದ್ಯೆ ಕೈಹತ್ತಿತ್ತು. ವರ್ಷ ತುಂಬಿದ ಮೇಲೆ ಅದೇ ಕಾರ್ಖಾನೆ 19,500ಕ್ಕೆ ಕಾಯಂ ಮಾಡಿಕೊಂಡಿತು. ಭವಿಷ್ಯನಿಧಿ, ಇಎಸ್‌ಐ ಮುರಿದು ಹದಿನೇಳೂವರೆ ಸಾವಿರ ಖಾತೆಗೆ ಬೀಳುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಇಂಥ ದಾರಿಗಳು ಇನ್ನೂ ಇವೆ. ಬೆಳಗಾವಿಯಲ್ಲಿ ಸರ್ಕಾರದ ಜಿಟಿಟಿಸಿ ತರಬೇತಿ ಕೇಂದ್ರವಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಚ್ಚು ಮತ್ತು ಉಪಕರಣ ಮಾಡುವ ಡಿಪ್ಲೊಮಾ; ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲೇ ಕಲಿಕೆ. ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆಯಿದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಸಂಸ್ಥೆ ಹದಿನೆಂಟು ತುಂಬಿದವರಿಗೆ ಊಟ ವಸತಿ ಸಹಿತ ಪುಕ್ಕಟೆ ತರಬೇತಿ ಕೊಡುತ್ತದೆ. ಸೈನ್ಯದ ಆಸೆಯಿದ್ದವರಿಗೆ 2022ರಲ್ಲಿ ಬಂದ ಅಗ್ನಿವೀರ ಯೋಜನೆ, ಹದಿನೇಳೂವರೆ ವರ್ಷದಿಂದ. ಅಲ್ಲಿಯೂ ಲೆಕ್ಕ ಕೇಳಿರಿ: ಮೊದಲ ವರ್ಷ 30,000 ಎಂದಿದ್ದರೂ ಕೈಗೆ ಬರುವುದು 21,000, ಉಳಿದ 9,000 ನಿಧಿಗೆ ಹೋಗುತ್ತದೆ. ಸೇವೆ ನಾಲ್ಕು ವರ್ಷ. ನಾಲ್ಕರಲ್ಲಿ ಒಬ್ಬರನ್ನು ಮಾತ್ರ ಮುಂದೆ ಉಳಿಸಿಕೊಳ್ಳುವುದಾಗಿ ಯೋಜನೆಯಲ್ಲೇ ಹೇಳಿದ್ದಾರೆ. ಹೆಣ್ಣುಮಕ್ಕಳನ್ನು ದೂರ ಕಲಿಯಲು ಕಳಿಸಲು ಬಸ್ಸಿನ ಖರ್ಚೆಂಬ ನೆವವೂ ಈಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಕಿತ್ತೂರು, ಬೈಲಹೊಂಗಲದಿಂದ ಎಷ್ಟೋ ಹುಡುಗಿಯರು ಬುತ್ತಿ ಕಟ್ಟಿಕೊಂಡು ಧಾರವಾಡ, ಬೆಳಗಾವಿಗೆ ಹೋಗಿ ಬರುತ್ತಾರೆ.

ಇಷ್ಟೆಲ್ಲ ರಾತ್ರಿಯಿಡೀ ತಲೆಯಲ್ಲಿ ಓಡಾಡಿತು. ಮರುದಿನ ತಂಗಿಗೆ ಫೋನು ಮಾಡಿ, ಗೋಡೆಯ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಬೆಂಗಳೂರಿನ ನೌಕರಿಯವನಿಗೆ ಒಂದಕ್ಕೂ ಉತ್ತರವಿರಲಿಲ್ಲ. ಮೇಲಾಗಿ ಹೆಸರು ಹಚ್ಚಲು ಐದು ಸಾವಿರ ಕೇಳಿದ್ದನಂತೆ.

ಟಪಾಲು ಕೆಲಸಕ್ಕೆ ಎಲ್ಲ ಉತ್ತರ ಇತ್ತು. ಗ್ರಾಮೀಣ ಡಾಕ್ ಸೇವಕರ ಹುದ್ದೆಗೆ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಎಸ್ಸೆಸ್ಸೆಲ್ಸಿಯ ಅಂಕದ ಮೇಲೆಯೇ ಆಯ್ಕೆ. ವಯಸ್ಸು 18ರಿಂದ 40. ಅರ್ಜಿಗೆ ನೂರು ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ನಮ್ಮ ಹುಡುಗಿಗೆ 625ಕ್ಕೆ 613 ಬಂದಿದ್ದವು. ಪೈಪೋಟಿ ಬಹಳ, ಅಷ್ಟು ಬೇಕೇ ಬೇಕು. ಸಹಾಯಕ ಹುದ್ದೆಯ ಮೂಲ ಭತ್ಯೆ 10,000, ತುಟ್ಟಿಭತ್ಯೆ ಸೇರಿ ಆಗ ಹದಿನೈದು ಸಾವಿರದ ಮೇಲಾಗುತ್ತಿತ್ತು. ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ಉಳಿದ ಹೊತ್ತಿನಲ್ಲಿ ಪದವಿ ಓದಬಹುದು. ಪೂರಾ ಸರ್ಕಾರಿ ನೌಕರಿಯಲ್ಲ ಎಂಬುದೂ ನಿಜ, ಅದನ್ನೂ ಹೇಳಿದೆ.

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎಲ್ಲಾ ಖರೆ ಅಕ್ಕಾ. ಆದ್ರ ಹೆಣ್ಣುಹುಡುಗಿ, ಸೈಕಲ್ ಮ್ಯಾಲೆ ಊರಾಗ ಮನಿಮನಿಗೆ ಟಪಾಲ ಕೊಟ್ರ ಜನಾ ಏನಂದಾರು?" ಎಂದಳು.

ಈ ಮಾತು ನಾನು ಮೊದಲು ಕೇಳಿದ್ದು 1997ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ, ಬೈಲಹೊಂಗಲದಲ್ಲಿ ಒಂದು ಎಸ್‌ಟಿಡಿ ಬೂತಿನಲ್ಲಿ ಕೂತಿದ್ದೆ. ತಿಂಗಳಿಗೆ 350 ರೂಪಾಯಿ. ಮೊದಲ ಪಗಾರದಲ್ಲಿ ಒಂದು ಸ್ಟೀಲಿನ ಡಬ್ಬಿ ಕೊಂಡು ಅದರ ಮೇಲೆ ನನ್ನ ಹೆಸರು ಕೊರೆಸಿದೆ. ಮೂರನೇ ತಿಂಗಳಿಗೆ ಅಪ್ಪ ಬಿಡಿಸಿದರು. ಜನಾ ಏನಂದಾರು? ಜನ ಏನೂ ಅನ್ನಲಿಲ್ಲ. ಮರುವರ್ಷ ನನ್ನ ಮದುವೆಯಲ್ಲಿ ಉಂಡು ಹೋದರು. ಆ ಡಬ್ಬಿಯಲ್ಲಿ ಈಗಲೂ ಶೇಂಗಾ ಚಟ್ನಿ ಇಡುತ್ತೇನೆ. ನನ್ನ ಸ್ವಂತ ದುಡಿಮೆಯದೆಂದು ಮನೆಯಲ್ಲಿ ಇರುವ ಸಾಮಾನು ಅದೊಂದೇ.

"ಚೆನ್ನಮ್ಮನ ಸಮಾಧಿ ಇದ್ದ ಊರಾಗ ಹುಟ್ಟಿದವರು ನಾವು. ಸೈಕಲ್ಲಿಗೆ ಅಂಜತೀಯೇನ?" ಎಂದು ತಂಗಿಗೆ ಗದರಿದೆ. ಗದರಿದ್ದು ಅವಳಿಗಷ್ಟೇ ಅಲ್ಲ.

ಹುಡುಗಿಗೆ ಸೈಕಲ್ಲೇ ಬರುತ್ತಿರಲಿಲ್ಲ! ಆ ಕೆಲಸಕ್ಕೆ ಅದು ಬೇಕು. ನನ್ನ ಮಗ ಎರಡು ರವಿವಾರ ಸವದತ್ತಿಗೆ ಹೋಗಿ ಸಾಲಿಯ ಬಯಲಿನಲ್ಲಿ ಕಲಿಸಿಕೊಟ್ಟ. ಕೆಲಸದ ಊರಲ್ಲಿ ಅವಳ ಸೋದರತ್ತೆಯ ಮನೆಯಿದೆ, ಮಗ್ಗದ ಮನೆ. ಅಲ್ಲೇ ಇರುತ್ತಾಳೆ.

ದೀಪಾವಳಿ ಆದ ಮೇಲೆ ನಾನೂ ಹೋಗಿ ನೋಡಿ ಬಂದೆ. ಓಣಿಯ ತುದಿಯಲ್ಲಿ ಚೀಲ ಹಾಕಿಕೊಂಡು ಸೈಕಲ್ ಮೇಲೆ ಬರುತ್ತಿದ್ದಳು. ಕಟ್ಟೆಯ ಮೇಲಿನ ಮುದುಕಿಯೊಬ್ಬಳು, "ಟಪಾಲ ತಂಗೆವ್ವಾ, ನನ್ನ ಪಿಂಚಣಿ ಬಂತೇನ?" ಎಂದು ಕೂಗಿದಳು. ಹುಡುಗಿ ಇಳಿದು ನಿಂತು, "ನಾಳೆ ಬರ್ತೈತಿ ಆಯೀ, ನಾನ ತಂದು ಕೊಡ್ತೇನಿ" ಎಂದಳು. ನನ್ನನ್ನು ಕಂಡು ನಾಚಿದಳು. ಮೊದಲ ಪಗಾರದಲ್ಲಿ ಏನು ಕೊಂಡೆಯೆಂದು ಕೇಳಿದೆ. ಸೈಕಲ್ಲಿನ ಸಾಲ ಅರ್ಧ ತೀರಿಸಿದೆ, ಪದವಿಯ ಫೀ ಕಟ್ಟಿದೆ ಎಂದಳು. ಸೀರೆ ಗೀರೆ ಏನೂ ಇಲ್ಲ!

ಸೋದರಿಯರೇ, ನಿಮ್ಮ ಮನೆಯಲ್ಲೂ ಹದಿನೇಳು ಹದಿನೆಂಟರ ಮಕ್ಕಳು ಇದ್ದಾರು. ದುಡಿಯುತ್ತೇನೆಂದರೆ ಬೇಡವೆನ್ನಬೇಡಿರಿ. ಆದರೆ ಬಸ್ಸು ಹತ್ತಿಸುವ ಮೊದಲು ಆ ಪ್ರಶ್ನೆಗಳನ್ನು ಕೇಳಿರಿ. ಕೇಳಲು ನಾಚಿಕೆಯಾದರೆ ಬದನೆಕಾಯಿ ನೆನೆಸಿಕೊಳ್ಳಿರಿ. ನಿಮ್ಮ ಮಕ್ಕಳ ಮೊದಲ ಪಗಾರದ ಕತೆಯಿದ್ದರೆ ನನಗೆ ಬರೆಯಿರಿ. ಟಪಾಲಿನಲ್ಲೇ ಕಳಿಸಿರಿ.