ಭಯ ಬಿಡಿಸುವ ಬೋರ್ಡಿನ ಹಿಂದೆ

ಗೋವಾದಲ್ಲಿ ಕಣಿ ಹೇಳುವ ಕಸುಬು ಎರಡು ವೇಷದಲ್ಲಿ ನಡೆಯುತ್ತದೆ. ಒಳನಾಡಿನ ಹಳ್ಳಿಗಳಲ್ಲಿ ಅದು ಘಾಡಿಯ ಕೆಲಸ. ವಾಸಿಯಾಗದ ಕಾಯಿಲೆ, ಕಳವು, ಮಕ್ಕಳಾಗದಿರುವುದು, ಅಣ್ಣತಮ್ಮಂದಿರ ಜಮೀನು ಜಗಳ, ಏನಿದ್ದರೂ ಅವನ ಮುಂದಿಡುತ್ತಾರೆ. ಇದು ದೇವಚಾರನೆಂಬ ಭೂತದ ಮುನಿಸೋ, ಸತ್ತವರ ಅತೃಪ್ತಿಯೋ, ಯಾರೋ ಮಾಡಿಸಿದ ಮಾಟವೋ ಎಂದು ಅವನು ನೋಡಿ ಹೇಳುತ್ತಾನೆ. ಸಮುದ್ರದ ಕಡೆಗೆ ಬಂದರೆ, ಅಂಜುನಾ, ಅರಂಬೋಲ್, ಮಾಂದ್ರೆಗಳಲ್ಲಿ ಅದೇ ಕೆಲಸಕ್ಕೆ ಸೈಕಿಕ್ ರೀಡಿಂಗ್ ಎಂದು ಹೆಸರು. ಅಲ್ಲಿ ಕವಡೆಯ ಜಾಗದಲ್ಲಿ ಟ್ಯಾರೋ ಕಾರ್ಡು, ತಾಯಿತದ ಜಾಗದಲ್ಲಿ ಹರಳು, ಮಾಟದ ಜಾಗದಲ್ಲಿ ನೆಗೆಟಿವ್ ಎನರ್ಜಿ. ಕೊಡುವ ಭರವಸೆ ಮಾತ್ರ ಎರಡೂ ಕಡೆ ಒಂದೇ: ಇನ್ನು ನೀವು ಹೆದರಿ ಬದುಕಬೇಕಿಲ್ಲ.

ಈ ಭರವಸೆಯ ಇನ್ನೊಂದು ಮಗ್ಗುಲು 2025ರ ಮಾರ್ಚ್‌ನಲ್ಲಿ ಫೋಂಡಾ ತಾಲ್ಲೂಕಿನಲ್ಲಿ ಕಾಣಿಸಿತು. ಐದು ವರ್ಷದ ಬಾಲಕಿಯನ್ನು ಕೊಂದು ಹೂತ ಆರೋಪದಲ್ಲಿ ನೆರೆಮನೆಯ ದಂಪತಿಯ ಬಂಧನವಾಯಿತು; ಮಾಟಮಂತ್ರದ ನಂಬಿಕೆಯೇ ಇದರ ಹಿಂದಿದೆ ಎಂದರು ಪೊಲೀಸರು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿರುವಂಥ ಮೌಢ್ಯವಿರೋಧಿ ಕಾಯ್ದೆ ಗೋವಾಕ್ಕೂ ಬೇಕೆಂಬ ಕೂಗಿಗೆ ಇದರಿಂದ ಬಲ ಬಂತು. ನಂಬಿಕೆಗೆ ಕೈಹಾಕಬೇಡಿ ಎಂಬ ಎದುರು ಕೂಗೂ ಹಳೆಯದೇ. ಎರಡು ಪಕ್ಷಗಳೂ ಜಗಳವಾಡುತ್ತಿರುವುದು ಅತೀಂದ್ರಿಯ ಶಕ್ತಿ ಉಂಟೋ ಇಲ್ಲವೋ ಎಂಬುದರ ಸುತ್ತ. ಸರ್ಕಾರ ಕೇಳಬೇಕಾದ ಪ್ರಶ್ನೆ ಅದಲ್ಲ. ಭಯ ಬಿಡಿಸುತ್ತೇನೆಂದು ಬೋರ್ಡು ಹಾಕಿದವರ ಹತ್ತಿರ ಒಮ್ಮೆ ಹೋದವರಿಗೆ ಮತ್ತೆ ಮತ್ತೆ ಹೋಗುವುದು ಎಂದಾದರೂ ನಿಲ್ಲುತ್ತದೆಯೇ ಎಂಬುದು ಪ್ರಶ್ನೆ.

ಕಣಿ ನಿಜವೆನಿಸುವುದು ಹೇಗೆಂಬುದರಲ್ಲಿ ಈಗ ಹೆಚ್ಚಿನ ಗುಟ್ಟು ಉಳಿದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರದೇ ವರದಿ ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಪುಸ್ತಕದಂಗಡಿಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. ವರದಿ ಎಷ್ಟು ಸರಿ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 2008ರಲ್ಲಿ ಮಹಾರಾಷ್ಟ್ರದಲ್ಲಿ ಜ್ಯೋತಿಷಿಗಳನ್ನೇ ಪರೀಕ್ಷೆಗೆ ಕರೆದರು. ಒಪ್ಪಿ ಉತ್ತರ ಕಳಿಸಿದ 27 ಮಂದಿ ತಲಾ 40 ಜಾತಕ ನೋಡಿ, ಇದು ಓದಿನಲ್ಲಿ ಚುರುಕಾದ ಮಗುವಿನದೋ ಬುದ್ಧಿಮಾಂದ್ಯ ಮಗುವಿನದೋ ಎಂದು ಹೇಳಬೇಕಿತ್ತು. ನೂರಕ್ಕೆ 46 ಸರಿ ಬಂದವು. ನಾಣ್ಯ ಚಿಮ್ಮಿದ್ದರೆ ಇನ್ನೂ ನಾಲ್ಕು ಹೆಚ್ಚು ಸಿಗಬಹುದಿತ್ತು.

ಆದರೆ ಸುಳ್ಳು ಕಣಿಯಿಂದ ಆಗುವ ಕೇಡು ಅಷ್ಟರಲ್ಲೇ ಇದೆ. ಮದುವೆ ಮುಂದಿನ ವರ್ಷ ಎಂದು ಹೇಳಿಸಿಕೊಂಡು ನಕ್ಕು ಎದ್ದು ಬಂದವರಿಗೆ ನಷ್ಟವಾಗುವುದು ಒಂದಿಷ್ಟು ದುಡ್ಡು. ಕೇಡು ಬೆಳೆಯುವುದು ಭಯಕ್ಕೆ ಹೆಸರಿಟ್ಟಾಗ. ನಿದ್ದೆ ಬಾರದೆ, ಎದೆ ಹೊಡೆದುಕೊಂಡು ಬಂದವಳಿಗೆ ಅದು ಮೊದಲು ಬರಿಯ ಕಳವಳ. ಯಾರೋ ಮಾಡಿಸಿದ್ದಾರೆ ಎಂದ ಕೂಡಲೆ ಕಳವಳಕ್ಕೆ ಮುಖ ಬರುತ್ತದೆ: ನಾದಿನಿ, ಓರಗಿತ್ತಿ, ಪಕ್ಕದ ಮನೆಯ ಒಂಟಿ ಮುದುಕಿ. ಅಮಾವಾಸ್ಯೆಯೊಳಗೆ ತೆಗೆಸಬೇಕು ಎಂದಾಗ ಗಡುವು ಬರುತ್ತದೆ, ಗಡುವಿನ ಹಿಂದೆ ಬೆಲೆ. ಅಮಾವಾಸ್ಯೆ ಕಳೆದು ನಿದ್ದೆ ಮತ್ತೆ ಕೆಟ್ಟರೆ ಮಾಟ ಬಲವಾಗಿತ್ತು ಎಂದಾಗುತ್ತದೆಯೇ ಹೊರತು ತೆಗೆದವರ ಕೈ ಸೋತಿತು ಎಂದಾಗುವುದಿಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಲೆಕ್ಕ ಹೊಸದಲ್ಲ. ಗಾಳಿ ಸೋಕಿದೆ, ಹೇಳಿಕೆ ಕೇಳಿಸಬೇಕು ಎಂಬ ಮಾತು ಅವರ ಊರಿಂದಲೇ ಜೊತೆಗೆ ಬಂದಿದೆ.

ಇದಕ್ಕೆ ಹಳೆಯ ಮದ್ದು ನಿಷೇಧ. ಗೋವಾದಷ್ಟು ಕಠಿಣವಾಗಿ ಅದನ್ನು ಪ್ರಯೋಗಿಸಿ ನೋಡಿದ ನಾಡು ಭಾರತದಲ್ಲಿ ಮತ್ತೊಂದಿಲ್ಲ. 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ಬಿಟ್ಟು, 1812ರಲ್ಲಿ ಮುಗಿದ, ಪೋರ್ಚುಗೀಸರ ಧಾರ್ಮಿಕ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ಹಳೆಯ ಆಚಾರಗಳನ್ನೂ ಮಂತ್ರವಾದವನ್ನೂ ಅಪರಾಧವೆಂದು ವಿಚಾರಣೆಗೆ ಎಳೆಯಿತು. ಎರಡೂವರೆ ಶತಮಾನದ ಆ ಬೆದರಿಕೆಯ ನಂತರವೂ ಗೋವಾದ ಹಿಂದೂ ಮನೆಗಳಲ್ಲೂ ಕ್ರೈಸ್ತ ಮನೆಗಳಲ್ಲೂ ಉಪ್ಪು, ಮೆಣಸಿನಕಾಯಿ ಹಿಡಿದು ಮಗುವಿನ ‘ದಿಷ್ಟ್’ ತೆಗೆಯುವ ಅಜ್ಜಿಯರಿದ್ದಾರೆ. ದೃಷ್ಟಿ ತೆಗೆಯುವ ಕನ್ನಡದ ಅಜ್ಜಿಗೂ ಅವರಿಗೂ ಭಾಷೆಯೊಂದೇ ಬೇರೆ. ಅವರು ಯಾರ ಹೆಸರನ್ನೂ ಹೇಳುವುದಿಲ್ಲ, ದುಡ್ಡನ್ನೂ ಕೇಳುವುದಿಲ್ಲ. ಮೆಣಸಿನಕಾಯಿ ಒಲೆಗೆ ಬಿದ್ದು ಚಟಪಟ ಎಂದರೆ ಕೆಲಸ ಮುಗಿಯಿತು, ಮಗು ನಿದ್ದೆ ಹೋಯಿತು. ಇಂಥದ್ದನ್ನು ಕಾಯ್ದೆಯ ಬಲೆಗೆ ಹಾಕುವವರು ಮೂರ್ಖರು. ದೇವಸ್ಥಾನದಲ್ಲಿ ವಿಗ್ರಹಕ್ಕೆ ಹೂವಿನೆಸಳು ಅಂಟಿಸಿ ಕೌಲ ಕೇಳುವುದೂ ಹಾಗೆಯೇ. ಅಲ್ಲಿ ಎಸಳು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂಬುದನ್ನು ಹತ್ತು ಜನ ನೋಡಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಬ್ಬರ ಕಿವಿಗೆ ಹೇಳುವ ಕಣಿಗೆ ಆ ಸಾಕ್ಷಿ ಇಲ್ಲ. ಊರ ಮುಂದೆ ಹೇಳಿದ ಮಾತೂ ಕೆಲವೊಮ್ಮೆ ಬಡಪಾಯಿಯೊಬ್ಬಳ ಮೇಲೆ ಮಾಟಗಾತಿಯ ಪಟ್ಟ ಹೊರಿಸುತ್ತದೆ ಎಂಬುದು ನಿಜ. ಆಗ ಅದೂ ಈ ಬಲೆಗೆ ಬೀಳಬೇಕು.

ವಿಚಿತ್ರವೆಂದರೆ ಈ ಇಡೀ ವಾದಕ್ಕೆ ಬೇಕಾದ ಉತ್ತರವನ್ನು ಇನ್ನೂರು ವರ್ಷಗಳ ಹಿಂದೆ ಕೊಟ್ಟವನು ಗೋವಾದವನೇ. ಜೋಸ್ ಕುಸ್ತೋದಿಯೊ ದ ಫರಿಯಾ 1756ರಲ್ಲಿ ಬಾರ್ದೇಶದ ಕಾಂದೋಳಿಯಲ್ಲಿ ಹುಟ್ಟಿದ. ತಂದೆಯ ಜೊತೆ ಹುಡುಗನಾಗಿದ್ದಾಗಲೇ ಲಿಸ್ಬನ್ನಿಗೆ ಹೋಗಿ, ಪಾದ್ರಿಯಾಗಿ, ಕೊನೆಗೆ ಪ್ಯಾರಿಸ್ ಸೇರಿದ. ಗೋವಾದಲ್ಲಿ ಅವನ ಬಗ್ಗೆ ಒಂದು ಐತಿಹ್ಯವಿದೆ. ಪೋರ್ಚುಗಲ್ಲಿನ ರಾಣಿಯ ಮುಂದೆ ಪ್ರವಚನಕ್ಕೆ ನಿಂತವನಿಗೆ ಸಭೆ ನೋಡಿ ಬಾಯಿ ಕಟ್ಟಿತಂತೆ. ಕೆಳಗಿದ್ದ ತಂದೆ ಕೊಂಕಣಿಯಲ್ಲಿ ಪಿಸುಗುಟ್ಟಿದರಂತೆ: ‘ಹಿ ಸಗಳಿ ಭಾಜಿ, ಕಾತರ್ ರೇ ಭಾಜಿ.’ ಇವರೆಲ್ಲ ಬರೀ ಸೊಪ್ಪುಸದೆ, ಕತ್ತರಿಸು ಮಗನೇ. ಭಯ ಹಾರಿ ಮಾತು ಹರಿಯಿತಂತೆ. ನಡೆದದ್ದೋ ಕಟ್ಟಿದ್ದೋ, ಕತೆಯಲ್ಲಿ ಒಂದು ಮಾತು ಗಮನಿಸುವಂಥದ್ದು: ತಂದೆ ಮಗನಿಗೆ ಕೊಟ್ಟದ್ದು ತಾಯಿತವಲ್ಲ.

ಆ ಕಾಲದ ಪ್ಯಾರಿಸ್ಸಿನಲ್ಲಿ ವೈದ್ಯ ಮೆಸ್ಮರನ ಕಾಂತಶಕ್ತಿಯ ಹುಚ್ಚು ಇನ್ನೂ ಇಳಿದಿರಲಿಲ್ಲ. ಚಿಕಿತ್ಸಕನ ಮೈಯಿಂದ ಕಣ್ಣಿಗೆ ಕಾಣದ ದ್ರವವೊಂದು ಹರಿದು ರೋಗಿಯನ್ನು ಸೇರುತ್ತದೆ ಎಂಬುದು ಅದರ ಸಿದ್ಧಾಂತ. ಫ್ರೆಂಚ್ ದೊರೆ ನೇಮಿಸಿದ, ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲಾವೋಸಿಯೇ ಇದ್ದ ಆಯೋಗ 1784ರಲ್ಲೇ ಅಂಥ ದ್ರವವಿಲ್ಲ, ಎಲ್ಲ ಕಲ್ಪನೆಯ ಕೆಲಸ ಎಂದು ವರದಿ ಕೊಟ್ಟು ಕೈತೊಳೆದುಕೊಂಡಿತ್ತು. ಫರಿಯಾ ಕೈತೊಳೆದುಕೊಳ್ಳಲಿಲ್ಲ. ಕಲ್ಪನೆಯೇ ಇಷ್ಟು ಮಾಡುತ್ತದೆಂದರೆ ಅದು ಸಣ್ಣ ಸಂಗತಿಯೇ? 1813ರಿಂದ ಅವನು ಜನರ ಎದುರೇ ಪ್ರಯೋಗ ನಡೆಸಿದ. ಕೂತವರಿಗೆ ಕಣ್ಣು ಮುಚ್ಚಿ ಮನಸ್ಸು ಒಂದೆಡೆ ನಿಲ್ಲಿಸಲು ಹೇಳಿ, ಗಟ್ಟಿಯಾಗಿ ‘ಮಲಗಿ’ ಎನ್ನುತ್ತಿದ್ದ. ಕೆಲವರು ಒಂದು ಬಗೆಯ ಎಚ್ಚರದ ನಿದ್ದೆಗೆ ಜಾರುತ್ತಿದ್ದರು. ಶಕ್ತಿ ತನ್ನದಲ್ಲ, ನಿದ್ದೆಯ ಕಾರಣ ಮಲಗಿದವರ ಒಳಗೇ ಇದೆ, ಮನಸ್ಸಿಲ್ಲದವರನ್ನು ಯಾರೂ ಮಲಗಿಸಲಾರರು ಎಂಬುದು ಅವನ ವಾದ. ರಕ್ತ ತೆಳುವಾದವರು ಬೇಗ ಮಲಗುತ್ತಾರೆ ಎಂಬ ಅವನ ಇನ್ನೊಂದು ಮಾತು ತಪ್ಪಾಗಿತ್ತು, ಆ ಮಾತು ಬೇರೆ. ನಟನೊಬ್ಬ ನಿದ್ದೆ ಬಂದಂತೆ ನಟಿಸಿ ಅವನನ್ನು ಬಯಲಿಗೆಳೆದ. 1816ರಲ್ಲಿ ರಂಗದ ಮೇಲೆ ಅವನ ಗೇಲಿ ನಡೆಯಿತು. 1819ರಲ್ಲಿ ಬಡವನಾಗಿ ಸತ್ತ. ಸಂಮೋಹನದಲ್ಲಿ ಸೂಚನೆಯೇ ಮುಖ್ಯ ಎಂಬುದನ್ನು ಫ್ರಾನ್ಸಿನ ನಾನ್ಸಿಯ ವೈದ್ಯರು ಮುಂದೆ ಹಿಡಿದು ನಡೆದರು.

ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ 1945ರಿಂದ ಅವನ ಕಂಚಿನ ಪ್ರತಿಮೆ ನಿಂತಿದೆ. ರಾಮಚಂದ್ರ ಪಾಂಡುರಂಗ ಕಾಮತರ ಕೈಕೆಲಸ, ಸೊಗಸಾದದ್ದೇ. ಆದರೆ ಪಾದ್ರಿ ಎರಡೂ ಕೈ ಚಾಚಿದ್ದಾನೆ, ಅವನ ಬೆರಳುಗಳ ಕೆಳಗೆ ಹೆಂಗಸೊಬ್ಬಳು ಒರಗಿ ಬೀಳುತ್ತಿದ್ದಾಳೆ. ನೋಡಿದವರಿಗೆ ಶಕ್ತಿ ಬೆರಳ ತುದಿಯಿಂದ ಹರಿದಂತೆಯೇ ಅನಿಸುತ್ತದೆ. ಯಾವ ನಂಬಿಕೆಯನ್ನು ಅಲ್ಲಗಳೆದು ಅವನು ನಗೆಪಾಟಲಾದನೋ ಅದೇ ನಂಬಿಕೆಯ ಭಂಗಿಯಲ್ಲಿ ಅವನ ಊರಿನವರು ಅವನನ್ನು ನಿಲ್ಲಿಸಿದ್ದಾರೆ. ಸೈಕಿಕ್ ರೀಡರುಗಳ ಬೋರ್ಡಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆಲ್ಟಿನ್ಹೊ ಗುಡ್ಡದ ಮಾನಸಿಕ ಆಸ್ಪತ್ರೆಗೂ ಅವನ ಹೆಸರಿತ್ತು. ಈಗ ಆ ಸಂಸ್ಥೆ ಬಾಂಬೋಳಿಯಲ್ಲಿದೆ, ಹೆಸರು ಬೇರೆ.

ಫರಿಯಾ ಹೇಳಿದ್ದನ್ನು ಪ್ರಚಾರವಿಲ್ಲದೆ ಮಾಡಿ ತೋರಿಸಿದವರು ಅವನ ನಾಡಿನಲ್ಲೇ ಇದ್ದಾರೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ‘ಸಂಗಾತ್’ ಸಂಸ್ಥೆ, ವೈದ್ಯಕೀಯ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತ ಸಲಹೆಗಾರರನ್ನಾಗಿ ಮಾಡಿತು. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸಲಹೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಮೂರು ತಿಂಗಳಲ್ಲಿ ಖಿನ್ನತೆಯ ಮಟ್ಟದಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಮಂದಿ. ಸಲಹೆಗಾರರು ಮಾಡಿದ್ದು ದೊಡ್ಡದೇನಲ್ಲ. ಬಂದವರ ಮಾತನ್ನು ಪೂರ್ತಿ ಕೇಳಿ, ಬೇಸರದಲ್ಲಿ ಕೈಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸಿದರು. ಕೇಳುವ ಕಿವಿ ಸಿಗುತ್ತದೆಂದೇ ಜನ ಘಾಡಿಯ ಹತ್ತಿರವೂ ಹೋಗುವುದು; ಆ ಗುಣವನ್ನು ಅವನಿಂದ ಕಸಿಯಲು ಹೊರಟವರು ಸೋಲುತ್ತಾರೆ. ವ್ಯತ್ಯಾಸ ಇನ್ನೊಂದರಲ್ಲಿದೆ. ಈ ಚಿಕಿತ್ಸೆಗೆ ಆರರಿಂದ ಎಂಟು ಭೇಟಿ ಎಂದು ಮೊದಲೇ ಗೊತ್ತುಮಾಡಿತ್ತು. ಮಾಟ ತೆಗೆಯುವುದಕ್ಕೆ ಎಷ್ಟು ಭೇಟಿ ಎಂದು ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ.

ಇರುವ ಕಾನೂನು ಈ ವ್ಯತ್ಯಾಸವನ್ನು ಹಿಡಿಯುವುದಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿ ಎಂಬ ಜಾಹೀರಾತನ್ನು ತಡೆಯುತ್ತದೆ, ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ. ಕೋಣೆಯೊಳಗೆ ಹೇಳಿದ ಮಾತು ಅದಕ್ಕೆ ಕೇಳಿಸುವುದಿಲ್ಲ. ಜ್ಯೋತಿಷ್ಯವನ್ನು ಇದರಡಿ ತರಬೇಕೆಂಬ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2011ರಲ್ಲಿ ತಳ್ಳಿಹಾಕಿತು. 2022ರ ಮೇನಲ್ಲಿ ಉತ್ತರ ಗೋವಾದ ಪಾದ್ರಿಯೊಬ್ಬರನ್ನು ಮತಾಂತರದ ಆಮಿಷದ ಆರೋಪದಲ್ಲಿ ಬಂಧಿಸಿದಾಗ ಈ ಕಾಯ್ದೆಯೂ ಪೊಲೀಸರ ನೆನಪಿಗೆ ಬಂತು. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಪ್ರಾರ್ಥನೆಯಿಂದ ರೋಗ ಬಿಡಿಸುತ್ತೇನೆ ಎಂಬುದು ಅಪರಾಧವಾದರೆ ಹರಳಿನಿಂದ, ಹೋಮದಿಂದ, ಕಪ್ಪು ದಾರದಿಂದ ಬಿಡಿಸುತ್ತೇನೆ ಎಂಬುದೂ ಅಷ್ಟೇ ಅಪರಾಧ. ಮತ ನೋಡಿ ಎಚ್ಚರಗೊಳ್ಳುವ ಕಾಯ್ದೆ ವಿಚಾರವಾದಿಗಳ ಕೈಗೆ ಆಯುಧವಲ್ಲ, ಮುಳ್ಳು.

ನೆರೆಯ ಮಾದರಿಗಳೂ ಅರ್ಧ ದಾರಿಯವು. ಮೌಢ್ಯದ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರ ಹತ್ಯೆ 2013ರ ಆಗಸ್ಟ್ 20ರಂದು ನಡೆದ ಮೇಲೆ ಮಹಾರಾಷ್ಟ್ರ ಕಾಯ್ದೆ ತಂದಿತು. ಕರ್ನಾಟಕದ್ದು 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು 2020ರ ಜನವರಿ 4ರಂದು ಜಾರಿಯಾಯಿತು. ದೆವ್ವ ಬಿಡಿಸುವ ನೆಪದ ಹೊಡೆತ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಇವೆಲ್ಲ ಅಪರಾಧವಾದದ್ದು ಒಳ್ಳೆಯದೇ. ಆದರೆ ವಾಸ್ತು ಮತ್ತು ಜ್ಯೋತಿಷ್ಯದ ಸಲಹೆಗೆ ಕರ್ನಾಟಕ ಸಾರಾಸಗಟು ವಿನಾಯಿತಿ ಕೊಟ್ಟಿತು. ಬೆತ್ತದಿಂದ ಹೊಡೆದವನು ಸಿಕ್ಕಿಬೀಳುತ್ತಾನೆ. ಬೆತ್ತವಿಲ್ಲದೆ, ನಯವಾದ ಮಾತಿನಲ್ಲಿ, ವರ್ಷಗಟ್ಟಲೆ ಹೆದರಿಸಿದವನು ಸಲಹೆಗಾರನೆನಿಸಿಕೊಳ್ಳುತ್ತಾನೆ.

ಗೋವಾ ಹೊಸದಾಗಿ ಕಾಯ್ದೆ ಬರೆಯುವುದಾದರೆ ಅಳತೆಗೋಲನ್ನು ಇಲ್ಲಿಡಬೇಕು. ಭವಿಷ್ಯ ಹೇಳುವುದು ಅಪರಾಧವಾಗಬೇಕಿಲ್ಲ. ಹಣ ಪಡೆದು, ನಿಮಗೆ ಮಾಟವಾಗಿದೆ, ಮಾಡಿಸಿದವರು ಇಂಥವರು, ಪರಿಹಾರ ಮಾಡಿಸದಿದ್ದರೆ ಸಾವು ಎಂದು ಹೇಳುವುದು ಅಪರಾಧವಾಗಬೇಕು. ಮಾತ್ರೆ ನಿಲ್ಲಿಸಿ ಎಂದು ಹೇಳುವುದು ಅದಕ್ಕಿಂತ ದೊಡ್ಡ ಅಪರಾಧವಾಗಬೇಕು. ಕಣಿ ಹೇಳುವವರಿಗೆ ಲೈಸೆನ್ಸ್ ಕೊಡಿ ಎಂಬ ಸಲಹೆ ಅಪಾಯದ್ದು, ಸರ್ಕಾರಿ ಮೊಹರು ಬಿದ್ದ ಸೈಕಿಕ್ಕನ್ನು ಊಹಿಸಿಕೊಂಡರೆ ಸಾಕು. ಬ್ರಿಟನ್ ತನ್ನ 1951ರ ಫ್ರಾಡ್ಯುಲೆಂಟ್ ಮೀಡಿಯಮ್ಸ್ ಕಾಯ್ದೆಯನ್ನು 2008ರಲ್ಲಿ ತೆಗೆದು, ಆತ್ಮಗಳ ಜೊತೆ ಮಾತಾಡಿಸುವವರನ್ನು ಉಳಿದ ವ್ಯಾಪಾರಿಗಳ ಜೊತೆ ಗ್ರಾಹಕ ರಕ್ಷಣೆಯ ನಿಯಮಗಳಡಿ ತಂದಿತು. ಅದು ಜಾಣ ದಾರಿ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಹಣ ಕೊಟ್ಟು ಪಡೆದ ಸೇವೆಯ ದೋಷಕ್ಕೆ ಪರಿಹಾರವಿದೆ. ಕಣಿಯೂ ಅಂಥ ಸೇವೆಯೇ ಎಂದು ಒಂದು ಸಾಲು ಸ್ಪಷ್ಟವಾಗಿ ಬರೆದರೆ, ಹೇಳಿದ್ದೇನು, ಪಡೆದದ್ದೆಷ್ಟು, ಎಷ್ಟು ಭೇಟಿ ಎಂಬುದು ರಸೀದಿಯ ಮೇಲೆ ಬರಬೇಕಾಗುತ್ತದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ. ಎರಡು ವರ್ಷದೊಳಗೆ ಹೋದರೆ ಸಾಕು.